ಹೊಟ್ಟೆ ಸುತ್ತಳತೆ ಕ್ಯಾಂಪ್: ಊರಲ್ಲಿ ಬೊಜ್ಜು ಏರಿದೆ ಅನ್ನೋಕೆ ಏನೇನು ಅಳೀಬೇಕು?

ಯಗಚಿ_ದಂಡೆ
ಬೇಲೂರು ತಾಲ್ಲೂಕಿನ ಒಂದು ಪಂಚಾಯ್ತಿಯಲ್ಲಿ ಯುವಕ ಸಂಘದ ಕಡೆಯಿಂದ ಶುಗರ್, ಬಿಪಿ, ಬೊಜ್ಜು ತಪಾಸಣೆ ಇಟ್ಕೊಳ್ತಿದೀವಿ. 2019ರ ಆಗಸ್ಟಲ್ಲಿ ಇದೇ ಊರಲ್ಲಿ ಒಂದು ಕ್ಯಾಂಪ್ ಆಗಿತ್ತು, ಆವತ್ತಿನ ರಿಜಿಸ್ಟರ್ ಸಿಕ್ಕಿದೆ: ಇನ್ನೂರು ಚಿಲ್ಲರೆ ಜನರ ವಯಸ್ಸು, ತೂಕ, ಎತ್ತರ, ರ‍್ಯಾಂಡಮ್ ಶುಗರ್. ಈಗಿನದನ್ನು ಅದರ ಪಕ್ಕ ಇಟ್ಟು "ಇಷ್ಟು ಏರಿದೆ" ಅಂತ ಗ್ರಾಮಸಭೆಯಲ್ಲಿ ಹೇಳಬಹುದಾ? ಕ್ಯಾಂಪ್ ಜನವರಿಯಲ್ಲಿ ಅಂತ ಯೋಚನೆ. ಗೊತ್ತಿರೋರು ತಪ್ಪು ತೋರಿಸಿ.

ಅಂಕಿ_ಲೆಕ್ಕ
ನೇರವಾಗಿ ಹೇಳಿಬಿಡ್ತೀನಿ, ಹಾಗೆ ಹೋಲಿಸೋಕೆ ಬರಲ್ಲ. ಕ್ಯಾಂಪಿಗೆ ಬರೋರು ಊರಲ್ಲ. ಬರೋದು ಈಗಾಗಲೇ ಅನುಮಾನ ಇರೋರು, ಅರವತ್ತು ದಾಟಿದೋರು, ಆವತ್ತು ಕೆಲಸ ಇಲ್ಲದೋರು. ಹಳೇ ರಿಜಿಸ್ಟರಲ್ಲಿ ಮುಕ್ಕಾಲು ಪಾಲು 50 ದಾಟಿದೋರಿದ್ದು, ಈ ಸಲ ಯುವಕ ಸಂಘದ ಹುಡುಗರೇ ಸಾಲಲ್ಲಿ ನಿಂತ್ರೆ ಬೊಜ್ಜು "ಇಳಿದಿದೆ" ಅಂತ ಬರುತ್ತೆ.

ಹೋಲಿಸಲೇಬೇಕು ಅಂದ್ರೆ ಎರಡೂ ಪಟ್ಟಿಯನ್ನ 30–39, 40–49, 50–59, 60 ಮೇಲೆ ಅಂತ ಒಡೆದು, ಗಂಡಸರು ಹೆಂಗಸರನ್ನ ಬೇರೆ ಮಾಡಿ, ಒಂದೊಂದು ಗುಂಪನ್ನೇ ಹೋಲಿಸಿ. ಒಂದು ಗುಂಪಲ್ಲಿ 30ಕ್ಕಿಂತ ಕಮ್ಮಿ ಜನ ಇದ್ರೆ ಆ ಗುಂಪಿನ ಶೇಕಡಾವಾರು ಬಾಯಲ್ಲಿ ಹೇಳಲೇಬೇಡಿ.

ಈಗಿನದಾದ್ರೂ ಸರಿಯಾಗಿ ಮಾಡಿ. ಊರಲ್ಲಿ ಸುಮಾರು ಶೇ 30 ಜನಕ್ಕೆ ತೊಂದರೆ ಇರಬಹುದು ಅಂತ ಇಟ್ಕೊಂಡು, ಆ ಅಂಕಿ 5 ಆಚೆ ಈಚೆ ನಿಖರವಾಗಿ ಬೇಕು ಅಂದ್ರೆ 323 ಜನ ಬೇಕು. ಒಂದೇ ಮನೆಯವರ ಊಟ ತಿಂಡಿ ಒಂದೇ ಆದ್ದರಿಂದ ಅದನ್ನ ಒಂದೂವರೆ ಪಟ್ಟು ಮಾಡಿ: 480 ಹತ್ತಿರ. ಮತದಾರರ ಪಟ್ಟಿಯಲ್ಲಿ 30 ದಾಟಿದೋರು 2,400 ಇದ್ರೆ ಪ್ರತಿ ಐದನೇ ಹೆಸರು. ಆ ಮನೆಗೆ ಹೋದಾಗ ಆ ವ್ಯಕ್ತಿ ಇಲ್ಲ ಅಂದ್ರೆ ಪಕ್ಕದ ಮನೆಯವರನ್ನ ಕೂರಿಸ್ಕೋಬೇಡಿ. ಇನ್ನೆರಡು ಸಲ ಹೋಗಿ, ಆಮೇಲೂ ಸಿಗದಿದ್ರೆ "ಸಿಗಲಿಲ್ಲ" ಅಂತಲೇ ಬರೆಯಿರಿ. ಬದಲಿ ಹಾಕೋದೇ ಇಂಥ ಸರ್ವೆಗಳನ್ನ ಕೆಡಿಸೋದು, ಯಾಕಂದ್ರೆ ಹಗಲು ಹೊತ್ತು ಮನೇಲಿ ಸಿಗೋರು ಕೂತೇ ಇರೋರು.

ಮೂಡಿಗೆರೆ_ಮಳೆ
ಒಂದು ಸೇರಿಸ್ತೀನಿ ಮಾರಾಯ್ರೆ. ಮತದಾರರ ಪಟ್ಟಿ ಹಿಡ್ಕೊಂಡು ಹೊರಟ್ರೆ ಎಸ್ಟೇಟ್ ಲೈನ್ ಮನೆಗಳು (ಕೆಲಸದವರ ಸಾಲುಮನೆ) ಪೂರ್ತಿ ಬಿಟ್ಟು ಹೋಗುತ್ತೆ. ಅಸ್ಸಾಂ ಕಡೆಯಿಂದ ಬಂದ ಕೆಲಸದವರ ಹೆಸರು ಇಲ್ಲಿನ ಪಟ್ಟಿಯಲ್ಲಿ ಎಲ್ಲಿರುತ್ತೆ? ಲೈನಿನ ಲೆಕ್ಕ ಎಸ್ಟೇಟಿನ ರೈಟರ (ಲೆಕ್ಕ ಬರೆಯೋರ) ಹತ್ರ ಹಾಜರಿ ಪುಸ್ತಕದಲ್ಲಿ ಸಿಗುತ್ತೆ. ಅದನ್ನ ಬೇರೆ ಪಟ್ಟಿ ಮಾಡಿ ಅದರಲ್ಲೂ ಐದಕ್ಕೊಂದು ತಗೊಳ್ಳಿ.

ಜನವರಿ ಅಂತೂ ಬೇಡ. ಅರೇಬಿಕಾ ಕೊಯ್ಲು ಮುಗಿಯೋದೂ ರೊಬಸ್ಟಾ ಶುರುವಾಗೋದೂ ಆಗಲೇ. ಆಗ ಕೆಲಸದವರು ದಿನವಿಡೀ ಇಳಿಜಾರಲ್ಲಿ ಚೀಲ ಹೊತ್ತು ಮೈ ಕರಗಿಸಿರ್ತಾರೆ. ಮಳೆಗಾಲದಲ್ಲಿ ಇದೇ ಜನ ಕಂಬಳಿ ಒಳಗೆ ಕೂತು, ಹಲಸಿನ ಹಪ್ಪಳ ಕರಿದು ತಿಂದು, ತೂಕ ಏರಿಸ್ಕೊಂಡಿರ್ತಾರೆ. ಹಳೇದು ಆಗಸ್ಟಲ್ಲಿ ಆಗಿದ್ರೆ ಹೊಸದೂ ಆಗಸ್ಟಲ್ಲೇ ಆಗ್ಲಿ.

ಯಗಚಿ_ದಂಡೆ
ಲೈನ್ ಮನೆ ತಲೆಗೇ ಹೊಳೆದಿರಲಿಲ್ಲ. ಇನ್ನೊಂದು: ರಾಜ್ಯದ ಸರಾಸರಿ ಜೊತೆ ಹೋಲಿಸಬಹುದಾ? ಜಾಲತಾಣದಲ್ಲಿ ಶೇ 30 ಅಂತಲೂ ಇದೆ, ಶೇ 50 ದಾಟಿದೆ ಅಂತಲೂ ಇದೆ.

ಅಂಕಿ_ಲೆಕ್ಕ
ಅದು ಗೆರೆ ಎಲ್ಲಿ ಎಳೀತಾರೆ ಅನ್ನೋದರ ಮೇಲಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಬಿಎಂಐ (ಕೆಜಿ ತೂಕವನ್ನ ಮೀಟರ್ ಎತ್ತರದ ವರ್ಗದಿಂದ ಭಾಗಿಸಿದ್ದು) 25 ಮತ್ತು ಮೇಲೆ ಇರೋರು ಲೆಕ್ಕಕ್ಕೆ. ಕರ್ನಾಟಕದಲ್ಲಿ 2015–16ರಲ್ಲಿ ಹೆಂಗಸರು ಶೇ 23.3, ಗಂಡಸರು ಶೇ 22.1 ಇದ್ದದ್ದು 2019–21ರ ಸುತ್ತಿಗೆ ಶೇ 30.1 ಮತ್ತು ಶೇ 30.9ಕ್ಕೆ ಬಂತು. ನಾಲ್ಕೈದು ವರ್ಷಕ್ಕೆ ಇದು ಸಣ್ಣ ಜಿಗಿತ ಅಲ್ಲ. ಅದೇ ಸುತ್ತಲ್ಲಿ ಮೊದಲ ಸಲ ಸೊಂಟ–ಪೃಷ್ಠದ ಅನುಪಾತವನ್ನೂ ಅಳೆದ್ರು. ದೇಶದಲ್ಲಿ ಹೆಂಗಸರಲ್ಲಿ ಶೇ 56.7, ಗಂಡಸರಲ್ಲಿ ಶೇ 47.7 ಅಪಾಯದ ಗೆರೆ ದಾಟಿದ್ರು. ಒಂದೇ ಜನ, ಒಂದೇ ಸಮೀಕ್ಷೆ; ತೂಕದ ಗೆರೆಯಲ್ಲಿ ಕಾಲು ಭಾಗ, ಹೊಟ್ಟೆಯ ಗೆರೆಯಲ್ಲಿ ಅರ್ಧ.

ಇದರ ಮೇಲೆ ನಮ್ಮ ಡಾಕ್ಟರುಗಳು ಬಳಸೋ ಗೆರೆ ಬೇರೆ. ಭಾರತೀಯರಿಗೆ 23ರಿಂದಲೇ ಅಧಿಕ ತೂಕ, 25ರಿಂದ ಬೊಜ್ಜು. ನೀವು 23 ಹಿಡಿದು ಎಣಿಸಿ, ಸಮೀಕ್ಷೆಯ 25ರ ಅಂಕಿ ಪಕ್ಕ ಇಟ್ರೆ ನಿಮ್ಮೂರು ರಾತ್ರೋರಾತ್ರಿ ದಪ್ಪ ಆಗಿಬಿಡುತ್ತೆ. ಸಮೀಕ್ಷೆಯಲ್ಲಿ ಹೆಂಗಸರು 15ರಿಂದ 49ರವರು ಅನ್ನೋದೂ ನೆನಪಿರಲಿ, ನಿಮ್ಮದು 30 ದಾಟಿದೋರು.

2023ರಲ್ಲಿ ಬಂದ ಐಸಿಎಂಆರ್–ಇಂಡಿಯಾಬ್ (ದೇಶದ ಸಕ್ಕರೆ ಕಾಯಿಲೆ ಸಮೀಕ್ಷೆ) ವರದಿಯಲ್ಲಿ ದೇಶಕ್ಕೆ ಸಕ್ಕರೆ ಕಾಯಿಲೆ ಶೇ 11.4, ಅದರ ಹೊಸ್ತಿಲಲ್ಲಿರೋರು ಶೇ 15.3, ರಕ್ತದೊತ್ತಡ ಶೇ 35.5, ಹೊಟ್ಟೆ ಬೊಜ್ಜು ಶೇ 39.5. ಕಣ್ಣು ಕುಕ್ಕೋದು ರಕ್ತದ ಕೊಬ್ಬಿನ ಏರುಪೇರು: ಶೇ 81.2.

ಟೇಪು_ಸ್ಕೇಲು
ಅಳತೆ ಬಗ್ಗೆ ಯಾರೂ ಮಾತೇ ಎತ್ತಿಲ್ಲ, ಎಡವೋದು ಅಲ್ಲೇ.

ಎತ್ತರದಿಂದ ಶುರು. ಶಾಲೆ ಗೋಡೆಗೆ ಸ್ಕೇಲ್ ಅಂಟಿಸ್ತಾರೆ, ಬುಡದಲ್ಲಿ ಸ್ಕರ್ಟಿಂಗ್ ಕಲ್ಲು ಮುಂದೆ ಬಂದಿರುತ್ತೆ, ಹಿಮ್ಮಡಿ ಗೋಡೆಗೆ ತಾಗಲ್ಲ, ತಲೆ ಮೇಲೆ ನೋಟ್‌ಬುಕ್ ಓರೆಯಾಗಿ ಇಡ್ತಾರೆ. 2 ಸೆಂ.ಮೀ. ತಪ್ಪು ಅಂದ್ರೆ ಎಷ್ಟು? 65 ಕೆಜಿ, 160 ಸೆಂ.ಮೀ. ಇರೋರ ಬಿಎಂಐ 25.4. ಅದೇ ಮನುಷ್ಯನ ಎತ್ತರ 162 ಅಂತ ಬರೆದ್ರೆ 24.8. ಗೆರೆ ಆಚೆ ಇದ್ದೋರು ಈಚೆಗೆ ಬಂದ್ರು. ಸ್ಕರ್ಟಿಂಗ್ ಇಲ್ಲದ ಗೋಡೆ ಹುಡುಕಿ, ತಲೆ ಮೇಲಿಡೋಕೆ ಬಡಗಿ ಹತ್ರ ಮೂಲೆಮಟ್ಟ ಇಸ್ಕೊಳ್ಳಿ. ತುರುಬು, ಹೂವು ಇದ್ರೆ ಪಕ್ಕಕ್ಕೆ ಸರಿಸಿ.

ತೂಕದ ಮಿಷನ್ ಹಾಸುಗಲ್ಲಿನ ಸಂದಿ ಮೇಲೆ, ಚಾಪೆ ಮೇಲೆ ಇಡಬಾರದು. ದಿನಾ ಬೆಳಿಗ್ಗೆ ನೀರು ತುಂಬಿದ 20 ಲೀಟರಿನ ಎರಡು ಕ್ಯಾನ್ ಮೇಲಿಟ್ಟು ನೋಡಿ, 40 ಕೆಜಿ ಮತ್ತು ಖಾಲಿ ಕ್ಯಾನಿನ ತೂಕ ಬರಬೇಕು. ಅರ್ಧ ಕೆಜಿಗಿಂತ ಹೆಚ್ಚು ಆಚೀಚೆ ಆದ್ರೆ ಆವತ್ತು ಆ ಮಿಷನ್ ಬೇಡ.

ಹೊಟ್ಟೆ ಸುತ್ತಳತೆಗೆ ಟೈಲರ್ ಬಟ್ಟೆ ಟೇಪು ಎಳೆದೆಳೆದು ಉದ್ದ ಆಗಿರುತ್ತೆ. ಅಂಥದ್ರಲ್ಲಿ ಅಳೆದ್ರೆ ಸೊಂಟ ಸಣ್ಣದಾಗಿ ಕಾಣುತ್ತೆ. ಸ್ಟೀಲ್ ಸ್ಕೇಲ್ ಪಕ್ಕ ಇಟ್ಟು 100 ಸೆಂ.ಮೀ. ತಾಳೆ ನೋಡಿ, ಫೈಬರ್ ಟೇಪು ಒಳ್ಳೇದು. ಅಳೆಯೋ ಜಾಗ ಹೊಕ್ಕುಳಲ್ಲ, ಬೆಲ್ಟಿನ ಗೆರೆಯೂ ಅಲ್ಲ. ಪಕ್ಕೆಲುಬಿನ ಕೊನೆ ಮೂಳೆ ಬೆರಳಲ್ಲಿ ಮುಟ್ಟಿ ನೋಡಿ, ಕೆಳಗೆ ಸೊಂಟದ ಮೂಳೆಯ ಮೇಲಂಚು ಮುಟ್ಟಿ ನೋಡಿ, ಎರಡರ ಮಧ್ಯ ಸ್ಕೆಚ್ ಪೆನ್ನಲ್ಲಿ ಚುಕ್ಕೆ. ಉಸಿರು ಮಾಮೂಲಿಯಾಗಿ ಬಿಟ್ಟ ಕೊನೆಗೆ ಓದಿ. ಟೇಪು ತಾಗಿರಬೇಕು, ಕಚ್ಚಿರಬಾರದು, ಬೆನ್ನಲ್ಲಿ ಜಾರಿ ಕೆಳಗಿಳಿದಿರಬಾರದು. ಎರಡು ಸಲ ಅಳೆದು 1 ಸೆಂ.ಮೀ.ಗಿಂತ ವ್ಯತ್ಯಾಸ ಬಂದ್ರೆ ಮೂರನೇ ಸಲ.

ಗಂಡಸರು ಹೊಟ್ಟೆ ಕೆಳಗೆ ಬೆಲ್ಟ್ ಬಿಗಿದು "ನಂದು 34 ಸೈಜು ಕಣ್ರೀ" ಅಂತಾರೆ. 34 ಇಂಚು ಅಂದ್ರೆ 86 ಸೆಂ.ಮೀ.; ಟೇಪು ಸರಿಯಾದ ಜಾಗಕ್ಕೆ ಹೋದ್ರೆ 98 ಬರೋದು ವಿಶೇಷ ಏನಲ್ಲ. ಹೆಂಗಸರಲ್ಲಿ ಸೀರೆ ನೆರಿಗೆ, ಲಂಗದ ಲಾಡಿ ಗಂಟು ಸೇರಿ ಸುಲಭವಾಗಿ ಮೂರ್ನಾಲ್ಕು ಸೆಂ.ಮೀ. ಜಾಸ್ತಿ ಮಾಡುತ್ತೆ. ಪರದೆ ಕಟ್ಟಿ, ಅಳೆಯೋಕೆ ಹೆಂಗಸರೇ ಇರಲಿ, ನೆರಿಗೆ ಸಡಿಲಿಸಿ ಲಾಡಿ ಕೆಳಗಿಳಿಸಿ. ಅಂಕಿಯನ್ನ ಜೋರಾಗಿ ಕೂಗಿ ಬರೆಸಬೇಡಿ. ಒಬ್ಬರ ಸೊಂಟ ಸಾಲಿಗೆಲ್ಲ ಕೇಳಿಸಿದ್ರೆ ಹಿಂದಿನ ಹತ್ತು ಜನ ಮನೆಗೆ ನಡೀತಾರೆ.

ಗೆರೆ: ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ಇದೂ ನೆನಪಿರದಿದ್ರೆ ಎತ್ತರದ ಅರ್ಧ ದಾಟಬಾರದು ಅಂತ ಇಟ್ಕೊಳ್ಳಿ.

ಅರಸೀಕೆರೆ_ಬಯಲು
ಬಿಎಂಐ 22 ಇದ್ದು ಹೊಟ್ಟೆ 94 ಇರೋರನ್ನ ಎಲ್ಲಿ ಹಾಕ್ತೀರಿ? ಕೈಕಾಲು ಕಡ್ಡಿ, ಹೊಟ್ಟೆ ಗುಡಾಣ. ನಮ್ಮ ಕಡೆ ಅಂಥವರೇ ಜಾಸ್ತಿ.

ಟೇಪು_ಸ್ಕೇಲು
ಅದಕ್ಕೇ ಟೇಪು ಬೇಕು ಅಂದಿದ್ದು. ಮೈಸೂರಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕದ ದಾಖಲೆ ಇಟ್ಟಿದ್ರು. ಆ ಮಕ್ಕಳು ದೊಡ್ಡವರಾದ ಮೇಲೆ ಹುಡುಕಿ ಪರೀಕ್ಷೆ ಮಾಡಿದ ಅಧ್ಯಯನ 1996ರಲ್ಲಿ ಬಂತು. ಹುಟ್ಟುವಾಗ 2.5 ಕೆಜಿ ಅಥವಾ ಕಮ್ಮಿ ಇದ್ದವರಲ್ಲಿ ಶೇ 11 ಜನಕ್ಕೆ ಹೃದಯದ ರಕ್ತನಾಳದ ಕಾಯಿಲೆ, 3.1 ಕೆಜಿ ಅಥವಾ ಹೆಚ್ಚು ಇದ್ದವರಲ್ಲಿ ಶೇ 3. ಸಣ್ಣಗೆ ಹುಟ್ಟಿದ ಮಗುವಿನಲ್ಲಿ ಮಾಂಸಖಂಡ ಕಮ್ಮಿ. ಮುಂದೆ ಊಟ ಹೆಚ್ಚಾದಾಗ ಕೊಬ್ಬು ಚರ್ಮದಡಿ ಹೋಗೋ ಬದಲು ಹೊಟ್ಟೆಯೊಳಗೆ, ಲಿವರಲ್ಲಿ ಕೂರುತ್ತೆ. ಫಾರಂನಲ್ಲಿ ಬಿಎಂಐಗೆ ಒಂದು ಕಾಲಂ, ಸುತ್ತಳತೆಗೆ ಬೇರೆ ಕಾಲಂ ಇಡಿ. ಎರಡನ್ನೂ ಕೂಡಿಸಿ "ಬೊಜ್ಜು ಇದೆ/ಇಲ್ಲ" ಅಂತ ಒಂದೇ ಕಾಲಂ ಮಾಡಿದ್ರೆ ಇವರು ಮಾಯ ಆಗ್ತಾರೆ.

ಲ್ಯಾಬ್_ಬೆಂಚು
ರಕ್ತದ ವಿಷಯಕ್ಕೆ ಬರ್ತೀನಿ. ಸಾಮಾನ್ಯವಾಗಿ ಏನಾಗುತ್ತೆ: ಬೆಳಿಗ್ಗೆ 8ಕ್ಕೆ ರಕ್ತ ತೆಗೀತಾರೆ, ಟ್ಯೂಬುಗಳು ಡಬ್ಬಿಯಲ್ಲಿ ಕೂತಿರುತ್ತೆ, ಕ್ಯಾಂಪ್ ಮುಗಿದ ಮೇಲೆ ಯಾರೋ ಬೈಕಲ್ಲಿ ಹಾಸನಕ್ಕೆ ಒಯ್ತಾರೆ, ಲ್ಯಾಬ್ ತಲುಪೋದು 12ಕ್ಕೆ. ಅಷ್ಟು ಹೊತ್ತು ಟ್ಯೂಬಿನೊಳಗಿನ ರಕ್ತಕಣಗಳು ಸಕ್ಕರೆ ತಿಂತಾನೇ ಇರ್ತವೆ, ಗಂಟೆಗೆ ಶೇ 5ರಿಂದ 7. ಬೆಳಿಗ್ಗೆ 132 ಇದ್ದದ್ದು ಮಧ್ಯಾಹ್ನಕ್ಕೆ 100ರ ಆಸುಪಾಸು ತೋರಿಸುತ್ತೆ. ಕಾಯಿಲೆ ಇರೋರಿಗೆ "ನಾರ್ಮಲ್" ಅಂತ ಚೀಟಿ.

ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬಲ್ಲಿ ತೆಗೆದ್ರೆ ಪೂರ್ತಿ ಬಚಾವ್ ಅಂದ್ಕೊಂಡಿದ್ರೆ ಅದೂ ಅಲ್ಲ. ಫ್ಲೋರೈಡ್ ಕೆಲಸ ಹಿಡಿಯೋಕೇ ಒಂದೆರಡು ಗಂಟೆ ಬೇಕು. ತೆಗೆದ ಕೂಡಲೇ 8–10 ಸಲ ಮೆಲ್ಲಗೆ ತಿರುವಿ, ಐಸ್ ಮತ್ತು ನೀರು ಕಲಸಿದ ಡಬ್ಬಿಯಲ್ಲಿ ಇಟ್ಟು, ಅರ್ಧ ಗಂಟೆಯೊಳಗೆ ಸೆಂಟ್ರಿಫ್ಯೂಜ್ ಮಿಷನ್ನಲ್ಲಿ ತಿರುಗಿಸಿ ಪ್ಲಾಸ್ಮಾ (ರಕ್ತಕಣ ಇಲ್ಲದ ತಿಳಿ) ಬೇರ್ಪಡಿಸಬೇಕು. ಅದು ಆಗಲ್ಲ ಅಂದ್ರೆ ಸ್ಥಳದಲ್ಲೇ ಗ್ಲುಕೋಮೀಟರಲ್ಲಿ ನೋಡಿ, 100 ದಾಟಿದೋರನ್ನ ಮಾತ್ರ ಲ್ಯಾಬಿಗೆ ಕಳಿಸಿ.

ಗ್ಲುಕೋಮೀಟರಿಗೂ ಅದರದ್ದೇ ರಗಳೆ. ಮಲೆನಾಡ ಆಗಸ್ಟಲ್ಲಿ ಸ್ಟ್ರಿಪ್ ಡಬ್ಬಿ ಮುಚ್ಚಳ ತೆರೆದಿಟ್ರೆ ತೇವ ಕುಡಿದು ಸ್ಟ್ರಿಪ್ ಕೆಡುತ್ತೆ. ಒಂದು ಸ್ಟ್ರಿಪ್ ತೆಗೀರಿ, ಮುಚ್ಚಿ, ಆಮೇಲೆ ಬೆರಳು ಚುಚ್ಚಿ. ಬೆಲ್ಲ, ಹಣ್ಣು ಮುಟ್ಟಿದ ಬೆರಳು ತೊಳೆಯದೆ ಚುಚ್ಚಿದ್ರೆ 40–50 ಜಾಸ್ತಿ ಬಂದ್ರೂ ಬಂತು. ಸ್ಪಿರಿಟ್ ಒಣಗೋವರೆಗೆ ಕಾಯಿರಿ. ರಕ್ತ ಬರಲ್ಲ ಅಂತ ಬೆರಳು ಹಿಂಡಬೇಡಿ.

ಮೂಡಿಗೆರೆ_ಮಳೆ
ಉಪವಾಸ ಬೇಡ, ಮೂರು ತಿಂಗಳ ಸರಾಸರಿ ಎಚ್‌ಬಿಎ1ಸಿ ಮಾಡಿಸಿಬಿಡೋಣ ಅಂತ ಕೆಲವರು ಹೇಳ್ತಾರಲ್ಲ?

ಲ್ಯಾಬ್_ಬೆಂಚು
ಗಂಡಸರಿಗೆ ಬಹುಮಟ್ಟಿಗೆ ಸರಿ. 5.7ರಿಂದ 6.4 ಹೊಸ್ತಿಲು, 6.5ರಿಂದ ಕಾಯಿಲೆ. ಆದ್ರೆ ಕರ್ನಾಟಕದಲ್ಲಿ 15–49ರ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನಕ್ಕೆ ರಕ್ತಹೀನತೆ. ಕಬ್ಬಿಣ ಕಮ್ಮಿ ಇದ್ದಾಗ ಕೆಂಪುಕಣಗಳು ಹೆಚ್ಚು ದಿನ ಓಡಾಡ್ತವೆ, ಸಕ್ಕರೆ ಹೆಚ್ಚು ಮೆತ್ಕೊಳ್ಳುತ್ತೆ, ಎಚ್‌ಬಿಎ1ಸಿ ಸುಳ್ಳೇ ಏರುತ್ತೆ. ಈಚೆಗೆ ರಕ್ತಸ್ರಾವ ಆಗಿದ್ರೆ, ಕಬ್ಬಿಣದ ಮಾತ್ರೆ ಶುರು ಮಾಡಿದ್ರೆ, ಹೊಸ ಕಣ ಜಾಸ್ತಿಯಾಗಿ ಸುಳ್ಳೇ ಇಳಿಯುತ್ತೆ. ಹಿಮೋಗ್ಲೋಬಿನ್ ನೋಡದೆ ಈ ಪರೀಕ್ಷೆ ಮೇಲೆ ಮಾತಾಡಬಾರದು. ರಕ್ತಹೀನತೆ ಗ್ಲುಕೋಮೀಟರನ್ನೂ ಕೆಡಿಸುತ್ತೆ, ಅದು ಜಾಸ್ತಿ ತೋರಿಸುತ್ತೆ.

ಬಿಪಿಗೆ ಒಂದೇ ಮಾತು: ತೋಳಿಗೆ ಸುತ್ತೋ ಒಂದೇ ಪಟ್ಟಿಯಲ್ಲಿ ಎಲ್ಲರಿಗೂ ನೋಡಬೇಡಿ. ತೋಳಿನ ಸುತ್ತಳತೆ 35 ಸೆಂ.ಮೀ. ದಾಟಿದೋರಿಗೆ ದೊಡ್ಡ ಪಟ್ಟಿ. ಮಾಮೂಲಿ ಪಟ್ಟಿ ಸುತ್ತಿದ್ರೆ ದಪ್ಪ ಇರೋರಿಗೆಲ್ಲ ಬಿಪಿ ಏರಿ ಕಾಣುತ್ತೆ. ಬೊಜ್ಜು ಮತ್ತು ಬಿಪಿ ಸಂಬಂಧ ನೋಡೋಕೆ ಹೊರಟ ಸರ್ವೆಗೆ ಇದಕ್ಕಿಂತ ಕೆಟ್ಟ ತಪ್ಪಿಲ್ಲ.

ಅರಸೀಕೆರೆ_ಬಯಲು
ಅಳತೆ ಆಯ್ತು, ಕಾರಣಕ್ಕೆ ಬನ್ನಿ. ನನ್ನ ಪ್ರಕಾರ ಮುದ್ದೆ ಬಿಟ್ಟು ಅನ್ನಕ್ಕೆ ಬಿದ್ದದ್ದೇ ಮೂಲ. ಮುದ್ದೆ ತಿಂತಿದ್ದ ಕಾಲದಲ್ಲಿ ಯಾರಿಗಿತ್ತು ಶುಗರ್?

ಅಡುಗೆಮನೆ_ತಕ್ಕಡಿ
ಅಣ್ಣ, ತಕ್ಕಡಿಗೆ ಹಾಕಿ ನೋಡೋಣ. 100 ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ, ಪ್ರೋಟೀನ್ 7 ಗ್ರಾಂ, ನಾರು 11 ಗ್ರಾಂ. ಪಾಲಿಶ್ ಅಕ್ಕಿಯಲ್ಲಿ 356 ಕ್ಯಾಲೊರಿ, ಪ್ರೋಟೀನ್ ಹೆಚ್ಚುಕಮ್ಮಿ 8 ಗ್ರಾಂ, ನಾರು 3ರೊಳಗೆ. ರಾಗಿಯ ಲಾಭ ನಾರು ಮತ್ತು ಸುಣ್ಣದಂಶದಲ್ಲಿ, ಕ್ಯಾಲೊರಿಯಲ್ಲಲ್ಲ. ಆ ನಾರನ್ನೂ ಜರಡಿ ಹಿಡಿದು ಹೊಟ್ಟು ಚೆಲ್ಲಿ ಕಳ್ಕೊಳ್ತೀವಿ. ರಾಗಿ ಗಂಜಿಗೆ ಬೆಲ್ಲ ಹಾಕಿ "ಶುಗರ್‌ಗೆ ಒಳ್ಳೇದು" ಅಂತ ಕುಡಿಯೋರ ಸಕ್ಕರೆ ಅನ್ನ ತಿಂದವರಷ್ಟೇ ಸರಸರ ಏರುತ್ತೆ. ಹಿಟ್ಟು ನುಣ್ಣಗಾದಷ್ಟೂ, ನೀರಾದಷ್ಟೂ ಬೇಗ ಜೀರ್ಣ.

ತೊಂದರೆ ಇರೋದು ಒಟ್ಟು ಧಾನ್ಯದಲ್ಲಿ. ಒಬ್ಬ ವಯಸ್ಕರ ದಿನ ಹೀಗಿದೆ ಅಂದ್ಕೊಳ್ಳಿ: ಬೆಳಿಗ್ಗೆ ಎರಡು ಅಕ್ಕಿ ರೊಟ್ಟಿ, ಒಂದಕ್ಕೆ 60 ಗ್ರಾಂ ಹಿಟ್ಟು. ಮಧ್ಯಾಹ್ನ, ರಾತ್ರಿ ಒಂದೊಂದು ಮುದ್ದೆ, ಒಂದಕ್ಕೆ 100 ಗ್ರಾಂ. ರಾತ್ರಿ ಮುದ್ದೆ ಮೇಲೆ 100 ಗ್ರಾಂ ಅಕ್ಕಿಯ ಅನ್ನ. ಒಟ್ಟು 420 ಗ್ರಾಂ ಧಾನ್ಯ, 1,425 ಕ್ಯಾಲೊರಿ. ದಿನಕ್ಕೆ 2,000 ಸಾಕಾಗೋ ದೇಹಕ್ಕೆ ಶೇ 71 ಧಾನ್ಯದಿಂದಲೇ ಬಂತು. ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ತಟ್ಟೆಯಲ್ಲಿ ಧಾನ್ಯ 250 ಗ್ರಾಂ, ಅದು ಶೇ 45 ದಾಟಬಾರದು. ಗದ್ದೆ ಉಳ್ತಿದ್ದ ದೇಹಕ್ಕೆ 420 ಗ್ರಾಂ ತಡೀತಿತ್ತು. ಈಗ ಉಳೋಕೆ ಟಿಲ್ಲರ್, ಕಳೆ ಹೊಡೆಯೋಕೆ ಮಿಷನ್, ತೋಟಕ್ಕೆ ಹೋಗೋಕೆ ಬೈಕು. ಮುದ್ದೆ ಸೈಜು ಮಾತ್ರ ಹಂಗೇ ಇದೆ.

ಸರ್ವೆಯಲ್ಲಿ "ಏನು ತಿಂತೀರಿ" ಅಂತ ಕೇಳಬೇಡಿ, ಎಲ್ಲರೂ ಸೊಪ್ಪು ತರಕಾರಿ ಅಂತಾರೆ. ತಿಂಗಳಿಗೆ ಏನೇನು ಎಷ್ಟು ತರ್ತೀರಿ ಅಂತ ಕೇಳಿ. ನಾಲ್ಕು ಜನರ ಮನೆಗೆ ಲೆಕ್ಕ ಇದು:

ಎಣ್ಣೆ ದಿನಕ್ಕೆ ತಲೆಗೆ 27 ಗ್ರಾಂ, ಅಂದ್ರೆ ತಿಂಗಳಿಗೆ ಮೂರೂವರೆ ಲೀಟರ್. ತೆಂಗಿನಕಾಯಿ ಇದರಲ್ಲಿ ಸೇರಿಲ್ಲ. ಕಾಯಿತುರಿಯಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಬರೀ ಕೊಬ್ಬು, ಅರಸೀಕೆರೆ ಕಡೆ ದಿನಾ ಒಂದು ಕಾಯಿ ಒಡೆಯೋ ಮನೆಯಲ್ಲಿ ಎಣ್ಣೆ ಇನ್ನೂ ಇಳಿಸಬೇಕು. ಸಕ್ಕರೆ ಬೆಲ್ಲ ಎರಡೂ ಸೇರಿ 3 ಕೆಜಿ. ತಲೆಗೆ ದಿನಕ್ಕೆ ನಾಲ್ಕು ಲೋಟ ಕಾಫಿ, ಲೋಟಕ್ಕೆ ಎರಡು ಚಮಚ ಅಂದ್ರೆ ಕಾಫಿಗೇ 4 ಕೆಜಿ ಮೇಲೆ ಹೋಯ್ತು, ಪಾಯಸ ಆಮೇಲೆ. ಬೇಳೆಕಾಳು 10 ಕೆಜಿ. ಹೌದು, ಹತ್ತು. ತಲೆಗೆ ದಿನಕ್ಕೆ 85 ಗ್ರಾಂ. ಬಹಳ ಮನೆಗಳ ಚೀಟಿಯಲ್ಲಿ ಇದು ಮೂರು ಕೆಜಿ ದಾಟಲ್ಲ, ಆ ಖಾಲಿ ಜಾಗ ತುಂಬೋದೇ ಅನ್ನ.

ಯಗಚಿ_ದಂಡೆ
ಮೇಡಂ, ಇಳಿಸೋಕೆ ಎಲ್ಲಿಂದ ಶುರು ಮಾಡಿ ಅಂತ ಹೇಳೋದು? ಕಾಫಿ ನಾಡಲ್ಲಿ ಕಾಫಿ ಬಿಡಿ ಅಂದ್ರೆ ಓಡಿಸ್ತಾರೆ.

ಅಡುಗೆಮನೆ_ತಕ್ಕಡಿ
ಕಾಫಿ ಬಿಡೋದು ಬೇಡ. ಹದಿನೈದು ದಿನಕ್ಕೆ ಅರ್ಧ ಚಮಚ ಇಳಿಸಿ, ಎರಡು ತಿಂಗಳಿಗೆ ಸೊನ್ನೆ. ಒಂದೇ ದಿನ ನಿಲ್ಲಿಸಿದೋರು ವಾರದಲ್ಲಿ ವಾಪಸ್. ಚಿಕೋರಿ ಜಾಸ್ತಿ ಇರೋ ಪುಡಿಯ ಗಟ್ಟಿ ಡಿಕಾಕ್ಷನ್ ಸಕ್ಕರೆ ಬೇಡುತ್ತೆ, ಚಿಕೋರಿ ಇಲ್ಲದ ಪುಡಿ ತಿಳಿಯಾಗಿ ಹಾಕಿದ್ರೆ ನಾಲಿಗೆ ಬೇಗ ಒಗ್ಗುತ್ತೆ.

ಊಟದಲ್ಲಿ ಮುದ್ದೆಯನ್ನ ಮುಕ್ಕಾಲು ಮಾಡಿ, ಬಸ್ಸಾರಿನ ಪಲ್ಯ ಎರಡು ಸೌಟು ಮೊದಲು ತಿಂದು ಆಮೇಲೆ ಮುದ್ದೆ ಮುರೀಲಿ. ರಾತ್ರಿ ಮುದ್ದೆ ಮೇಲಿನ ಅನ್ನ ತೆಗೆದು, ಆ ಜಾಗಕ್ಕೆ ಹುರುಳಿಯೋ ಹಲಸಂದೆಯೋ 50 ಗ್ರಾಂ ಕಾಳು. ಕಟ್ಟು ಮಾತ್ರ ಸುರಿದುಕೊಂಡು ಕಾಳು ಪಾತ್ರೆಯಲ್ಲೇ ಬಿಟ್ರೆ ಪ್ರೋಟೀನ್ ಪಾತ್ರೆಯಲ್ಲೇ ಉಳೀತು. ಊಟ ಆದ ಮೇಲೆ 10–15 ನಿಮಿಷ ನಡಿಗೆ. ಮಳೆ ಅಂದ್ರೆ ಕಣದ ಶೆಡ್ಡಲ್ಲೇ.

ಎಷ್ಟು ಇಳಿದ್ರೆ ಸಾಕು ಅಂದ್ರೆ, 70 ಕೆಜಿ ಇರೋರಿಗೆ ಮೂರೂವರೆಯಿಂದ ಐದು ಕೆಜಿ. ಅಷ್ಟಕ್ಕೇ ಸಕ್ಕರೆ, ಬಿಪಿ, ಲಿವರ್ ಮೂರೂ ತಿರುಗ್ತವೆ. ತೂಕ ಇಳಿಯದಿದ್ರೂ ಪ್ರಯೋಜನ ಇದೆ: 2006ರಲ್ಲಿ ಪ್ರಕಟವಾದ ಚೆನ್ನೈನ ಅಧ್ಯಯನದಲ್ಲಿ ಹೊಸ್ತಿಲಲ್ಲಿದ್ದವರ ತೂಕ ಅಷ್ಟೇನೂ ಇಳಿಯಲಿಲ್ಲ, ಆದ್ರೂ ಊಟ–ನಡಿಗೆ ಬದಲಿಸಿದವರಲ್ಲಿ ಕಾಯಿಲೆ ಬರೋ ಅಪಾಯ ಶೇ 28.5 ಕಮ್ಮಿ ಆಯ್ತು.

ಮೂಡಿಗೆರೆ_ಮಳೆ
ಕೊಪ್ಪ, ಶೃಂಗೇರಿ ಕಡೆಯವರಿಗೆ ಎಲೆಅಡಿಕೆ ಪ್ರಶ್ನೆಯನ್ನೂ ಹಾಕಿ. ಅಡಿಕೆ ಜಗಿಯೋರಲ್ಲಿ ಹೊಟ್ಟೆ ಬೊಜ್ಜು, ಸಕ್ಕರೆ ಹೆಚ್ಚು ಅಂತ ತೈವಾನಿನ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಬೆಳೆಯೋ ಊರಲ್ಲಿ ಈ ಮಾತು ಯಾರಿಗೂ ಹಿಡಿಸಲ್ಲ, ಗೊತ್ತು.

ಅರಸೀಕೆರೆ_ಬಯಲು
ಮುದ್ದೆ ವಿಷಯ ಒಪ್ಪಿದೆ, ಮುಕ್ಕಾಲು ಅಂತಲೇ ಇಟ್ಕೊಳ್ಳೋಣ. 2025ರಲ್ಲಿ ಹಾಸನದಲ್ಲಿ ಸಾಲು ಸಾಲು ಹೃದಯಾಘಾತ ಅಂತ ಆಯ್ತಲ್ಲ, ಅದನ್ನ ಗ್ರಾಮಸಭೆಯಲ್ಲಿ ಹೇಳಿದ್ರೆ ಜನ ಕ್ಯಾಂಪಿಗೆ ಬರ್ತಾರೆ.

ಅಂಕಿ_ಲೆಕ್ಕ
ಹೇಳೋದಾದ್ರೆ ಪೂರ್ತಿ ಹೇಳಿ. ಜಯದೇವ ನಿರ್ದೇಶಕರ ನೇತೃತ್ವದಲ್ಲಿ ಸರ್ಕಾರ ಸಮಿತಿ ಮಾಡಿತು. ಪಟ್ಟಿಯಲ್ಲಿದ್ದ ಕೆಲವು ಸಾವಿಗೆ ಹೃದಯ ಕಾರಣವೇ ಆಗಿರಲಿಲ್ಲ. ಹಿಂದಿನ ಅಂಕಿಗಳ ಜೊತೆ ನೋಡಿದಾಗ ಅಸಹಜ ಏರಿಕೆ ಕಾಣಲಿಲ್ಲ. ಕಂಡದ್ದು ಮಾಮೂಲಿ ಅಪಾಯಗಳೇ: ಬಿಪಿ, ಶುಗರ್, ಸಿಗರೇಟು, ಬೊಜ್ಜು. ಆ ಹೆದರಿಕೆಯಲ್ಲಿ ಜನ ಮೈಸೂರಿನ ಜಯದೇವಕ್ಕೆ ಬೆಳಗಿನ ಜಾವ ಹೋಗಿ ಇಸಿಜಿಗೆ ಸಾಲು ನಿಂತ್ರು. ಆ ಸಾಲಲ್ಲಿ ನಿಂತವರ ಸೊಂಟ ಅಳೆದು, ಒಂದು ಬಿಪಿ ನೋಡಿದ್ರೆ ಇಸಿಜಿಗಿಂತ ಹೆಚ್ಚು ವಿಷಯ ಸಿಗ್ತಿತ್ತು. ನೋವಿಲ್ಲದ ಹೊತ್ತಿನ ಇಸಿಜಿ ಸರಿ ಇದೆ ಅಂದ ಮಾತ್ರಕ್ಕೆ ರಕ್ತನಾಳ ಸರಿ ಇದೆ ಅಂತಲ್ಲ.

ಲ್ಯಾಬ್_ಬೆಂಚು
ಅಲ್ಟ್ರಾಸೌಂಡಲ್ಲಿ "ಫ್ಯಾಟಿ ಲಿವರ್ ಗ್ರೇಡ್ 1" ಅಂತ ಚೀಟಿ ಹಿಡ್ಕೊಂಡು ಬರೋರು ಕ್ಯಾಂಪಲ್ಲಿ ಸಿಗ್ತಾರೆ. ಗ್ರೇಡು ಲಿವರ್ ಎಷ್ಟು ಗಾಯಗೊಂಡು ಗಟ್ಟಿಯಾಗಿದೆ ಅನ್ನೋ ಲೆಕ್ಕ ಹೇಳಲ್ಲ. ಹೇಳೋದು ಫಿಬ್–4 ಅನ್ನೋ ಸರಳ ಲೆಕ್ಕ: ವಯಸ್ಸನ್ನ ಎಎಸ್‌ಟಿಯಿಂದ ಗುಣಿಸಿ, ಅದನ್ನ ಪ್ಲೇಟ್‌ಲೆಟ್ ಮತ್ತು ಎಎಲ್‌ಟಿಯ ವರ್ಗಮೂಲದ ಗುಣಲಬ್ಧದಿಂದ ಭಾಗಿಸಿ (ವರ್ಗಮೂಲ ಎಎಲ್‌ಟಿಗೆ ಮಾತ್ರ; ಎಎಸ್‌ಟಿ, ಎಎಲ್‌ಟಿ ಅಂದ್ರೆ ಲಿವರ್ ರಕ್ತಪರೀಕ್ಷೆಯ ಅಂಕಿಗಳು). 48 ವರ್ಷ, ಎಎಸ್‌ಟಿ 52, ಎಎಲ್‌ಟಿ 64, ಪ್ಲೇಟ್‌ಲೆಟ್ 1.8 ಲಕ್ಷ: 2,496 ಭಾಗ 1,440, ಅಂದ್ರೆ 1.73. 1.3ರ ಕೆಳಗಿದ್ರೆ ಊಟ–ನಡಿಗೆ ಸಾಕು, 2.67ರ ಮೇಲಾದ್ರೆ ತಡ ಮಾಡದೆ ತಜ್ಞರ ಹತ್ರ, ನಡುವೆ ಇದ್ರೆ ಫೈಬ್ರೋಸ್ಕ್ಯಾನ್ (ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ನೋಡೋ ಸ್ಕ್ಯಾನ್). ಎಲ್ಲರೂ ಎಡವೋದು ಪ್ಲೇಟ್‌ಲೆಟ್ಟಲ್ಲಿ: 1.8 ಲಕ್ಷ ಇದ್ರೆ ಲೆಕ್ಕಕ್ಕೆ 180 ಹಾಕಬೇಕು. 1.8 ಅಂತ ಹಾಕಿದ್ರೆ ಉತ್ತರ 173 ಬಂದು ಮನೆಯವರ ಎದೆ ಒಡೆಯುತ್ತೆ. 35ರ ಒಳಗಿನವರಿಗೆ, 65 ದಾಟಿದವರಿಗೆ ಈ ಗೆರೆಗಳು ಸರಿ ಕೂರಲ್ಲ.

ಯಗಚಿ_ದಂಡೆ
ಊರಲ್ಲಿ ಒಂದಿಬ್ಬರು ತೂಕ ಇಳಿಸೋ ಇಂಜೆಕ್ಷನ್ ಕೇಳ್ತಿದಾರೆ. ಏನಂತ ಹೇಳೋದು?

ಟೇಪು_ಸ್ಕೇಲು
ಕ್ಯಾಂಪಲ್ಲಿ ಅದರ ಮಾತು ಬೇಡ, ಡಾಕ್ಟರ ಹತ್ರ ಕಳಿಸಿ. ಟಿರ್ಜೆಪಟೈಡ್ 2025ರ ಮಾರ್ಚಲ್ಲಿ ಇಲ್ಲಿಗೆ ಬಂತು, ವಾರಕ್ಕೊಂದು, 2.5 ಮಿ.ಗ್ರಾಂ.ನಿಂದ ಶುರು. ಕೆಲಸ ಮಾಡುತ್ತೆ, ನಿಲ್ಲಿಸಿದ್ರೆ ತೂಕ ಹೆಚ್ಚಿನದು ವಾಪಸ್. ಕಾಳು, ಮೊಟ್ಟೆ ಇಲ್ಲದ ಊಟದ ಜೊತೆ ತಗೊಂಡ್ರೆ ಇಳಿಯೋದರಲ್ಲಿ ಮಾಂಸಖಂಡದ ಪಾಲೂ ಜಾಸ್ತಿ, ಮೊದಲೇ ಕಡ್ಡಿ ಕೈಕಾಲು ನಮ್ಮದು.

ಮೂಡಿಗೆರೆ_ಮಳೆ
ಮುಂದೇನು ಅಂತಲೂ ಬರೆದಿಟ್ಕೊಳ್ಳಿ, ಇಲ್ಲಾಂದ್ರೆ ಚೀಟಿ ಕೊಟ್ಟು ಕೈತೊಳೆದಂಗೆ. ಉಪವಾಸದ ಸಕ್ಕರೆ 126 ದಾಟಿದ್ರೆ ಇನ್ನೊಂದು ದಿನ ಮತ್ತೆ ಪರೀಕ್ಷೆ. ಬಿಪಿ 140/90 ದಾಟಿದ್ರೆ ಬೇರೆ ದಿನ ಮತ್ತೆ, 180/110 ಆದ್ರೆ ಆವತ್ತೇ ಆರೋಗ್ಯ ಕೇಂದ್ರಕ್ಕೆ. ಆಶಾ ಕಾರ್ಯಕರ್ತೆಯರ ಹತ್ರ 30 ದಾಟಿದವರ ಸಿಬ್ಯಾಕ್ ಫಾರಂ (ಕಾಯಿಲೆಯ ಅಪಾಯಕ್ಕೆ ಅಂಕ ಹಾಕೋ ಪ್ರಶ್ನಾವಳಿ) ಮೊದಲೇ ಇರುತ್ತೆ, ಅದರಲ್ಲೂ ಸೊಂಟದ ಸುತ್ತಳತೆಗೆ ಅಂಕ ಇದೆ, ಒಟ್ಟು 4 ದಾಟಿದೋರಿಗೆ ಮೊದಲ ಆದ್ಯತೆ. ಅವರನ್ನ ಬಿಟ್ಟು ಬೇರೆ ರಿಜಿಸ್ಟರ್ ಶುರು ಮಾಡಬೇಡಿ, ಅವರ ಫಾರಂ ನಂಬರನ್ನೇ ನಿಮ್ಮದರಲ್ಲೂ ಹಾಕಿ. ಮುಂದಿನ ಸಲ ಅದೇ ಮನುಷ್ಯನನ್ನ ಹುಡುಕೋಕೆ ಅದೊಂದೇ ದಾರಿ.

ಯಗಚಿ_ದಂಡೆ
ಎಲ್ಲ ಬರ್ಕೊಂಡೆ. ಆಗಸ್ಟ್‌ನ ನಾಲ್ಕು ಭಾನುವಾರ, ದಿನಕ್ಕೆ 120 ಜನ, ಲೈನ್ ಮನೆಗೆ ಬೇರೆ ಪಟ್ಟಿ, ಎರಡು ಫೈಬರ್ ಟೇಪು, ದೊಡ್ಡ ಬಿಪಿ ಪಟ್ಟಿ, ಪರದೆ. ಉಪವಾಸ ಬಂದವರಿಗೆ ತಿಂಡಿ ಕೊಡಬೇಕಲ್ಲ, ಸಂಘದ ಹುಡುಗರು ಉಪ್ಪಿಟ್ಟು, ಕೇಸರಿಬಾತ್ ಅಂತ ಭಟ್ಟರಿಗೆ ಹೇಳಿಯಾಗಿದೆ.

ಅಡುಗೆಮನೆ_ತಕ್ಕಡಿ
ಕೇಸರಿಬಾತ್ ಕ್ಯಾನ್ಸಲ್ ಮಾಡಿಸಿ ಮಾರಾಯ್ರೆ! ಹುರುಳಿಕಾಳು ಉಸ್ಲಿ ತಲೆಗೆ 50 ಗ್ರಾಂ ಒಣ ಕಾಳಿನ ಲೆಕ್ಕದಲ್ಲಿ, 120 ಜನಕ್ಕೆ 6 ಕೆಜಿ. ಶನಿವಾರ ಬೆಳಿಗ್ಗೆಯೇ ನೆನೆಹಾಕಿ, ರಾತ್ರಿ ಬಟ್ಟೆಯಲ್ಲಿ ಕಟ್ಟಿ. ಒಗ್ಗರಣೆಗೆ ಅಷ್ಟಕ್ಕೂ ಸೇರಿ ಅರ್ಧ ಲೀಟರ್ ಎಣ್ಣೆ, ಕಾಯಿ ಮೂರು. ಉಪ್ಪಿಟ್ಟು ಇರಲಿ, ಸಣ್ಣ ಸೌಟಲ್ಲಿ ಒಂದು. ಕಾಫಿಗೆ ಸಕ್ಕರೆ ಪಕ್ಕದಲ್ಲಿಡಿ, ಹಾಕಿ ಕೊಡಬೇಡಿ.